'ಏನು ಒಳ್ಳೇದು ಮಾಡಿದ್ರಿ?' ಎಂದು ಕೇಳುವ ಕಲ್ಲಯ್ಯ

ಕಾಪುವಿನಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಶೇಖರಣ್ಣನ ಮನೆಯ ಚಾವಡಿಯಲ್ಲಿ ಮಾತ್ರ ಎಲ್ಲ ದೀಪಗಳೂ ಉರಿಯುತ್ತಿವೆ. ಒಂದು ಮೂಲೆಯಲ್ಲಿ ಹೆಂಗಸರು ತೊಟ್ಟಿಲಿಗೆ ಮಲ್ಲಿಗೆ ಸುತ್ತುತ್ತಿದ್ದಾರೆ. ಇನ್ನೊಂದು ಮೂಲೆಯಲ್ಲಿ, ಮೇಜಿನ ಮೇಲಿದ್ದ ಕಂಪ್ಯೂಟರನ್ನು ನೆಲಕ್ಕಿಳಿಸಿಕೊಂಡು, ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದಾರೆ ಕಲ್ಲಯ್ಯ. ಕುರ್ಚಿ ಕೊಟ್ಟರೆ ಬೇಡವೆಂದರು. ಹತ್ತಿರದಲ್ಲೊಂದು ಮೂರಂತಸ್ತಿನ ಸ್ಟೀಲಿನ ಬುತ್ತಿ ಡಬ್ಬಿ. ಕೆಳಗಿನ ಎರಡರಲ್ಲಿ ಜೋಳದ ರೊಟ್ಟಿ, ಪಲ್ಯ, ಮೇಲಿನದರಲ್ಲಿ ಸೀಡಿಗಳು. ಕಾರ್ಕಳದಿಂದ ಮೊದಲ ಬಸ್ಸಿನಲ್ಲಿ ಹೊರಟು, ಉಡುಪಿಯಲ್ಲಿ ಬಸ್ಸು ಬದಲಿಸಿ ಬಂದಿರುವ ಅವರು ಇನ್ನೂ ಚಹಾ ಸಹ ಮುಟ್ಟಿಲ್ಲ.

ಪರದೆಯ ನಡುವೆ ಬೂದು ಬಣ್ಣದ ಸಣ್ಣದೊಂದು ಚೌಕ ಮೂಡಿದೆ. ಅದರಲ್ಲಿ ಇಂಗ್ಲಿಷಿನಲ್ಲಿ ಬರೆದಿರುವುದರ ಅರ್ಥ ಇಷ್ಟೇ: 'ಮುಖ್ಯ ಕ್ಲಾಸ್ ಸಿಗುತ್ತಿಲ್ಲ, ಪ್ರೋಗ್ರಾಂ ಮುಚ್ಚುತ್ತದೆ.' ಕೆಳಗೆ ಒಂದೇ ಒಂದು ಗುಂಡಿ, 'ಓಕೆ' ಅಂತ. ಎಲ್ಲ ಕೆಟ್ಟುಹೋಯಿತೆಂದು ಹೇಳಿ, ಆಮೇಲೆ ನಮ್ಮಿಂದಲೇ 'ಓಕೆ' ಅನ್ನಿಸುವ ಈ ಯಂತ್ರದ ಧೈರ್ಯ ನೋಡಿ! ಕಲ್ಲಯ್ಯ ಅದನ್ನು ಒತ್ತುವುದಿಲ್ಲ. ಜೇಬಿನಿಂದ ಪೆನ್ನು ತೆಗೆದು, ಆ ಮಾತನ್ನು ಅಕ್ಷರಕ್ಕೆ ಅಕ್ಷರ ತಮ್ಮ ಪುಸ್ತಕಕ್ಕೆ ಇಳಿಸಿಕೊಳ್ಳುತ್ತಾರೆ. ಬಲಗೈಯಲ್ಲಿ ಮೂರೇ ಬೆರಳುಗಳಿವೆ. ಬರವಣಿಗೆ ಮಾತ್ರ ಮುತ್ತು ಪೋಣಿಸಿದ ಹಾಗಿದೆ.

ಮುಚ್ಚಿಹೋಗಿರುವ ಆ ಪ್ರೋಗ್ರಾಮಿನೊಳಗೆ ಇರುವುದು ಮೋಹಿನಿಯಕ್ಕನ ಸ್ವರ. ಇಪ್ಪತ್ತೆಂಟು ವರ್ಷ ಅಂಗನವಾಡಿಯಲ್ಲಿ ಮಕ್ಕಳಿಗೆ ಕತೆ ಹೇಳಿದ, ಹಾಡು ಕಲಿಸಿದ ಸ್ವರ. ಮೂರು ವರ್ಷದ ಹಿಂದೆ, 2005ರಲ್ಲಿ, ಗಂಟಲಿನ ಕಾಯಿಲೆಗೆ ಶಸ್ತ್ರಚಿಕಿತ್ಸೆ ಮಾಡಿ ಸ್ವರಪೆಟ್ಟಿಗೆಯನ್ನೇ ತೆಗೆಯಬೇಕಾಯಿತು. ಅದಕ್ಕೆ ಒಂದು ವಾರ ಮೊದಲು ಮಗಳು ಮೋಕ್ಷಾಳ ಸಹಪಾಠಿ, ಶಿರ್ವದ ಕ್ಲಾರೆನ್ಸ್, ಮೈಕು ಹಿಡಿದುಕೊಂಡು ಬಂದು ನಾಲ್ಕು ದಿನ ಈ ಚಾವಡಿಯಲ್ಲೇ ಕೂತ. ಮೋಹಿನಿಯಕ್ಕ ಹೇಳಿದ ನಾನೂರ ಹತ್ತು ಮಾತುಗಳನ್ನು ಧ್ವನಿಮುದ್ರಿಸಿ, ಒಂದೊಂದಕ್ಕೆ ಒಂದೊಂದು ಗುಂಡಿ ಮಾಡಿ, ಎಲ್ಲವನ್ನೂ ಜಾವಾ ಎಂಬ ಕಂಪ್ಯೂಟರ್ ಭಾಷೆಯ ಒಂದೇ ಗಂಟಿನಲ್ಲಿ ಕಟ್ಟಿಕೊಟ್ಟ. ಅಂದಿನಿಂದ ಮೋಹಿನಿಯಕ್ಕ ಗುಂಡಿ ಒತ್ತಿದರೆ ಅವರದೇ ಸ್ವರ ತುಳುವಿನಲ್ಲಿ 'ವನಸ್ ಆಂಡಾ?' ಎಂದು ಊಟದ ವಿಚಾರ ಕೇಳುತ್ತದೆ, ಬಂದವರಿಗೆ 'ಬಲೆ, ಕುಳ್ಳುಲೆ' ಎಂದು ಕುಳಿತುಕೊಳ್ಳಲು ಹೇಳುತ್ತದೆ. ಗಂಡನಿಗೆ ಬೈಯುವುದಕ್ಕೆಂದೇ ಇಪ್ಪತ್ತಮೂರು ಗುಂಡಿಗಳಿವೆ.

ಆಯುಧಪೂಜೆಯ ಮರುದಿನದಿಂದ ಒಂದು ಗುಂಡಿಯೂ ಮಾತನಾಡಿಲ್ಲ. ಒಂಬತ್ತು ದಿನವಾಯಿತು. ಕ್ಲಾರೆನ್ಸ್ ಈಗ ಹಡಗಿನಲ್ಲಿ ಇಂಜಿನಿಯರ್. ಇನ್ನೂ ಮೂರು ವಾರ ನೀರಿನ ಮೇಲೆ, ಫೋನು ಸಿಗುವುದಿಲ್ಲ. ಅವನು ಕೊಟ್ಟಿದ್ದ ಸೀಡಿಗೆ ಕರಾವಳಿಯ ತೇವಕ್ಕೆ ಬೂಷ್ಟು ಹಿಡಿದಿದೆ. ಕಂಪ್ಯೂಟರನ್ನು ಎರಡು ಅಂಗಡಿಗೆ ಹೊತ್ತುಕೊಂಡು ಹೋದದ್ದೂ ಆಯಿತು. "ಫಾರ್ಮ್ಯಾಟ್ ಹೊಡೀಬೇಕು, ಒಳಗಿದ್ದದ್ದೆಲ್ಲ ಹೋಗ್ತದೆ" ಎಂದರು ಇಬ್ಬರೂ. ಶೇಖರಣ್ಣ ಅದನ್ನು ಹಾಗೆಯೇ ವಾಪಸು ತಂದರು.

ಇಷ್ಟಾದರೂ ಮೂರು ವಾರ ಕಾಯಬಹುದಿತ್ತು. ಆದರೆ ಇವತ್ತು ಮೋಕ್ಷಾಳ ಮಗಳನ್ನು ತೊಟ್ಟಿಲಿಗೆ ಹಾಕುವ ದಿನ. ಮಗುವಿನ ಕಿವಿಯಲ್ಲಿ ಹೆಸರನ್ನು ಮೊದಲು ಅಜ್ಜಿಯೇ ಹೇಳಬೇಕೆಂಬುದು ಈ ಮನೆಯ ಕ್ರಮ. ಮೋಹಿನಿಯಕ್ಕ ಶಸ್ತ್ರಚಿಕಿತ್ಸೆಗೆ ಹೋಗುವ ಮೊದಲೇ, ಮಗಳಿಗೆ ಇನ್ನೂ ಗಂಡು ಸಹ ಗೊತ್ತಾಗದಿದ್ದಾಗ, ಮುಂದೆ ಹುಟ್ಟಬಹುದಾದ ಮಗುವಿಗೆಂದು ಒಂದು ಹೆಸರನ್ನು ತಮ್ಮ ಸ್ವರದಲ್ಲಿ ಇಟ್ಟುಹೋಗಿದ್ದಾರೆ. ಏನೆಂದು ಯಾರಿಗೂ ಹೇಳಿಲ್ಲ. ಸ್ಲೇಟಿನ ಮೇಲೆ ಬರೆದು ತೋರಿಸಿ ಎಂದರೆ ಆಗದೆಂದು ತಲೆಯಾಡಿಸುತ್ತಾರೆ: ಬರೆಯುವ ಹೆಸರಲ್ಲ, ಹೇಳುವ ಹೆಸರು. ಮುಹೂರ್ತ ಹತ್ತೂವರೆಗೆ.

"ಅಮ್ಮ ಹೇಳಿದ್ದೇ ಹೆಸರು. ಅವರು ಹೇಳದಿದ್ರೆ ಮಗು ಹಾಗೇ ಇರ್ಲಿ" ಎಂದು ಮೋಕ್ಷಾ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಾಳೆ. ಹಟದಲ್ಲಿ ತಾಯಿಗೆ ತಕ್ಕ ಮಗಳು.

ಕಲ್ಲಯ್ಯ ಕಂಪ್ಯೂಟರನ್ನು ಮುಟ್ಟುವ ಮೊದಲು ಶೇಖರಣ್ಣನ ಕಡೆ ತಿರುಗಿ ಕೇಳುವ ಪ್ರಶ್ನೆ ವಿಚಿತ್ರವಾಗಿದೆ.

"ಅಣ್ಣಾರ, ಹಬ್ಬದಾಗ ಇದಕ್ಕ ಏನು ಒಳ್ಳೇದು ಮಾಡಿದ್ರಿ?"

ಏನು ಹಾಳು ಮಾಡಿದಿರಿ ಎಂದಲ್ಲ. ಏನು ಒಳ್ಳೇದು ಮಾಡಿದಿರಿ ಎಂದು. ಹನ್ನೊಂದು ವರ್ಷದ ಕೆಲಸದಲ್ಲಿ ಕಲ್ಲಯ್ಯ ಕಂಡುಕೊಂಡ ಗುಟ್ಟು ಇದು. "ಕೆಡಿಸಿದ್ದು ಯಾರೂ ಒಪ್ಪಂಗಿಲ್ರಿ. 'ನಾ ಏನೂ ಮುಟ್ಟೇ ಇಲ್ಲ' ಅಂತಾರ. ಒಳ್ಳೇದು ಏನು ಮಾಡಿದ್ರಿ ಅಂತ ಕೇಳ್ರಿ, ಸಂತೋಷದಿಂದ ಹೇಳ್ತಾರ. ಕೆಟ್ಟಿದ್ದು ಅಲ್ಲೇ ಇರ್ತದ" ಎನ್ನುತ್ತಾರೆ. ನವರಾತ್ರಿಯಿಂದ ದೀಪಾವಳಿಯವರೆಗೆ ಅವರಿಗೆ ಉಸಿರಾಡಲು ಪುರುಸೊತ್ತಿರುವುದಿಲ್ಲವಂತೆ. ಆಯುಧಪೂಜೆಗೆ ಕತ್ತಿ, ಸ್ಕೂಟರು, ಮಿಕ್ಸಿ ಎಲ್ಲ ತೊಳೆದ ಮೇಲೆ ಜನ ಕಂಪ್ಯೂಟರಿನ ಒಳಗನ್ನೂ ಗುಡಿಸುತ್ತಾರೆ. ಧೂಳು ಹೋಗುತ್ತದೆ, ಜೊತೆಗೆ ಇನ್ನೇನೇನೋ ಹೋಗುತ್ತದೆ.

ಶೇಖರಣ್ಣನಿಗೆ ಈ ಪ್ರಶ್ನೆ ಕೇಳಿ ಒಂದು ನಿಮಿಷ ಮುಖ ಅರಳುತ್ತದೆ. ಉಡುಪಿಯ ಒಂದು ಬಸ್ ಕಂಪನಿಯ ಸ್ಟೋರಿನಲ್ಲಿ ಮೂವತ್ತೊಂದು ವರ್ಷ ಬೋಲ್ಟು, ನಟ್ಟು, ಬ್ರೇಕ್ ಲೈನರುಗಳನ್ನು ಕಾಯ್ದವರು ಅವರು. ಕಣ್ಣು ಮುಚ್ಚಿ ಕೈ ಹಾಕಿದರೂ ಬೇಕಾದ ವಾಷರ್ ಸಿಗಬೇಕು, ಹಾಗೆ ಇಟ್ಟಿದ್ದವರು.

"ಎಂತ ಹೇಳುವುದು ಮಾರಾಯ್ರೆ, ಅದರ ಒಳಗೆ ಒಂದು ಸಾಲು ಇಲ್ಲ, ಕ್ರಮ ಇಲ್ಲ! ಅಂಗಡಿಯವ ಗಂಟು ಬಿಚ್ಚುವ ಸಾಫ್ಟ್‌ವೇರ್ ಹಾಕಿ ಕೊಟ್ಟಿದ್ದ. ನಾನು ಬಿಚ್ಚಿ ನೋಡಿದೆ. ಹದಿನಾಲ್ಕು ಫೋಲ್ಡರ್ ಉಂಟು, ಒಂದರೊಳಗೆ ಒಂದು. ಸ್ವರ ಎಲ್ಲ ಒಂದು ಕಡೆ ಹಾಕಿದೆ. ಅರ್ಥ ಆಗದ್ದು 'ಇತರೆ' ಅಂತ ಮಾಡಿ ಅದಕ್ಕೆ ಹಾಕಿದೆ. ಖಾಲಿ ಫೋಲ್ಡರ್ ತೆಗೆದು, ಮತ್ತೆ ಚಂದ ಮಾಡಿ ಕಟ್ಟಿದೆ. ಹಳೇದನ್ನು ಡಿಲೀಟ್ ಮಾಡಿ ಕಸದ ಬುಟ್ಟಿಯನ್ನೂ ಖಾಲಿ ಮಾಡಿದೆ. ಹಬ್ಬದ ದಿನ ಮನೆಯಲ್ಲಿ ಕಸ ಇರಬಾರದು ಅಲ್ವಾ?"

ಹೇಳಿ ಮುಗಿಸುವಷ್ಟರಲ್ಲಿ ತಮ್ಮ ಮಾತು ತಮಗೇ ಕೇಳಿಸುತ್ತದೆ. ಒಂಬತ್ತು ದಿನ ಅವರು ವೈರಸ್ಸಿಗೆ ಬೈದಿದ್ದಾರೆ, ಕರೆಂಟಿನವರಿಗೆ ಬೈದಿದ್ದಾರೆ, ಹಡಗಿನಲ್ಲಿರುವ ಕ್ಲಾರೆನ್ಸ್‌ಗೂ ಬೈದಿದ್ದಾರೆ. "ಹಾಗಾದ್ರೆ ಇವಳ ಸ್ವರ ತೆಗೆದದ್ದು ನಾನಾ?" ಎಂದು ಗೋಡೆಗೆ ಒರಗಿ ಕೂತುಬಿಡುತ್ತಾರೆ. ಮೋಹಿನಿಯಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದಾರೆ. ಅವರು ಏನಾದರೂ ಅನ್ನಬೇಕೆಂದರೂ ಅನ್ನುವ ಗುಂಡಿ ಮುಚ್ಚಿದೆ.

"ಅಳಬ್ಯಾಡ್ರಿ ಅಣ್ಣಾರ. ನೀವು ಬಿಸಾಕಿಲ್ಲ, ಸರಿಸಿ ಇಟ್ಟೀರಿ. ಸರಿಸಿದ್ದು ಸಿಗ್ತದ" ಎಂದು ಕಲ್ಲಯ್ಯ ಮೊದಲಿಗೆ ಇಡೀ ಗಂಟಿನ ನಕಲೊಂದನ್ನು ಸೀಡಿಗೆ ತೆಗೆಯುತ್ತಾರೆ. ನಕಲು ಮಾಡದೆ ಕೈ ಹಾಕುವುದಿಲ್ಲವೆಂಬುದು ಅವರ ವ್ರತ.

ಬಾದಾಮಿ ಕಡೆಯ ಕಲ್ಲಯ್ಯ ಕಾರ್ಕಳಕ್ಕೆ ಬಂದದ್ದು 1995ರಲ್ಲಿ, ಇಪ್ಪತ್ತೊಂದರ ಹರೆಯದಲ್ಲಿ, ಹೆಂಡತಿ ಲಕ್ಕವ್ವನ ಜೊತೆ. ಕಲ್ಲುಕೋರೆಯಲ್ಲಿ ಇಬ್ಬರಿಗೂ ಕೆಲಸ. ಎರಡು ವರ್ಷ ತುಂಬುವ ಹೊತ್ತಿಗೆ ಜಾರಿದ ಒಂದು ಬಂಡೆ ಎರಡು ಬೆರಳು ತೆಗೆದುಕೊಂಡಿತು. ಸುತ್ತಿಗೆ ಹಿಡಿಯಲಾಗದವನಿಗೆ ಮಣಿಪಾಲದ ಕಂಪ್ಯೂಟರ್ ತರಬೇತಿ ಕೇಂದ್ರವೊಂದರಲ್ಲಿ ಬಾಗಿಲು ತೆಗೆಯುವ, ನೆಲ ಒರೆಸುವ ಕೆಲಸ ಸಿಕ್ಕಿತು. ಬೆಳಿಗ್ಗೆ ಆರಕ್ಕೆ ಬಾಗಿಲು ತೆಗೆದರೆ ವಿದ್ಯಾರ್ಥಿಗಳು ಬರುವುದು ಎಂಟಕ್ಕೆ. ಆ ಎರಡು ಗಂಟೆಯೇ ಕಲ್ಲಯ್ಯನ ಕಾಲೇಜು. ಓದಿದ್ದು ಏಳನೆಯವರೆಗೆ, ಇಂಗ್ಲಿಷ್ ಅಕ್ಷರಗಳನ್ನು ಕಲಿತದ್ದು ಕೀಬೋರ್ಡಿನ ಮೇಲಿನ ಧೂಳು ಒರೆಸುತ್ತಾ!

ವಿದ್ಯಾರ್ಥಿಗಳು ಹಿಂದಿನ ದಿನ ಬಿಟ್ಟುಹೋದ ತಪ್ಪುಗಳು ಪರದೆಗಳ ಮೇಲೆ ಹಾಗೆಯೇ ಇರುತ್ತಿದ್ದವು. ಅರ್ಥ ತಿಳಿಯದೆ, ರಂಗೋಲಿ ನಕಲು ಮಾಡಿದ ಹಾಗೆ, ಅವುಗಳನ್ನು ಪುಸ್ತಕಕ್ಕೆ ಬರೆದುಕೊಂಡರು. ಅಲ್ಲಿ ಪಾಠ ಹೇಳುತ್ತಿದ್ದ ಅಶ್ವಿನಿ ಮೇಡಂ ಒಂದು ದಿನ ಆ ಪುಸ್ತಕ ನೋಡಿ ದಂಗಾದರು. "ನಾನು ಕಲಿಸಿದ ಮಕ್ಕಳು ತಪ್ಪು ಬಂದ್ರೆ ಮುಚ್ಚಿ ಓಡ್ತಿದ್ರು. ಇವರೊಬ್ಬರು ಅದನ್ನು ಕೂಡಿಟ್ಟುಕೊಳ್ತಿದ್ರು" ಎಂದು ಅಶ್ವಿನಿ ಇಂದಿಗೂ ನೆನಪಿಸಿಕೊಳ್ಳುತ್ತಾರೆ. ಒಂದೊಂದರ ಅರ್ಥ ಬಿಡಿಸಿ ಹೇಳಿದವರು ಅವರೇ. ಈ ಮನೆಗೆ ಕಲ್ಲಯ್ಯನ ಹೆಸರು ಹೇಳಿದವರೂ ಅವರೇ.

ಈಗ ಪುಸ್ತಕಗಳು ಒಂಬತ್ತಾಗಿವೆ. ಸಾವಿರದ ಇನ್ನೂರಕ್ಕೂ ಹೆಚ್ಚು ತಪ್ಪುಗಳು, ಪ್ರತಿಯೊಂದರ ಕೆಳಗೆ ಊರು, ಕಾರಣ, ಮದ್ದು. ದಿನಕ್ಕೆ ಐದಾರು ಬಸ್ಸು, ಮೂರು ನಾಲ್ಕು ಕಡೆ ಕೆಲಸ: ಅಲೆವೂರಿನ ಹಾಲಿನ ಸೊಸೈಟಿ, ಶಿರ್ವದ ಶಾಲೆ, ಉಡುಪಿಯ ಔಷಧದಂಗಡಿ. ಹೊಸ ಯಂತ್ರ ಮಾರುವವರು ಬೇಕಾದಷ್ಟಿದ್ದಾರೆ. ಹಳೆಯದರಲ್ಲಿ ಸಿಕ್ಕಿಬಿದ್ದದ್ದನ್ನು ಬಿಡಿಸಿಕೊಡುವವರು ಹುಡುಕಿದರೆ ಇವರೊಬ್ಬರು.

"ಬಂಡಿ ಒಡಿಯೋಕಿಂತ ಮೊದ್ಲ ಸುತ್ತಿಗಿಂದ ಬಡದು ಸಪ್ಪಳ ಕೇಳ್ತೀವ್ರಿ. ಎಳಿ ಎಲ್ಲಿ ಓಡೇತಿ ಅಂತ ಗೊತ್ತಾಗಬೇಕು. ಗೊತ್ತಾಗದ ಹೊಡದ್ರ ಬಂಡಿ ಹಾಳು, ಬೆರಳೂ ಹಾಳು" ಎಂದು ಮೂರು ಬೆರಳಿನ ಕೈ ಎತ್ತಿ ತೋರಿಸಿ ನಗುತ್ತಾರೆ. ಬಂಡಿ ಎಂದರೆ ಬಂಡೆ, ಎಳಿ ಎಂದರೆ ಕಲ್ಲು ಸೀಳುವ ಗೆರೆ, ಅವರ ಊರಿನ ಮಾತಿನಲ್ಲಿ.

ಗಂಟು ಬಿಚ್ಚಿದ್ದಾಯಿತು. ಒಳಗೆ ಒಂದು ಸಣ್ಣ ಚೀಟಿಯಂಥ ಕಡತವಿದೆ. ಪ್ರೋಗ್ರಾಂ ಸುರುವಾಗಬೇಕಾದ ಮುಖ್ಯ ಕ್ಲಾಸ್ ಎಂಬ ಕಡತ ಎಲ್ಲಿದೆಯೆಂದು ಅದರಲ್ಲಿ ಬರೆದಿರುತ್ತದೆ. ಮುಟ್ಟಲು ಭಯವಾಗಿ ಶೇಖರಣ್ಣ ಅದೊಂದನ್ನು ಇದ್ದಲ್ಲೇ ಬಿಟ್ಟಿದ್ದರು. ಕಲ್ಲಯ್ಯ ವಿವರಿಸುತ್ತಾರೆ: "ಬಾಗಲಕ್ಕ ಚೀಟಿ ಹಚ್ಚೇತ್ರಿ, 'ಯಜಮಾನ್ರು ಮೋಹಿನಿ ಅನ್ನೋ ಮನಿ, ಸ್ವರ ಅನ್ನೋ ಕೋಣ್ಯಾಗ ಅದಾರ' ಅಂತ. ಹೋಗಿ ನೋಡಿದ್ರ ಆ ಕೋಣೀನ ಇಲ್ಲ. ಯಜಮಾನ್ರು 'ಇತರೆ'ದಾಗ ಕುಂತಾರ. ಪಾಪ, ಕಂಪ್ಯೂಟರ್ ಎಲ್ಲಿ ಅಂತ ಹುಡುಕಬೇಕು?"

"ಅಯ್ಯೋ ದೇವರೇ, ಚೀಟಿಯನ್ನೇ ತಿದ್ದಿದ್ರೆ ಆಗ್ಲಿಕ್ಕಿಲ್ವಾ? ಅಷ್ಟು ಕಷ್ಟ ಪಟ್ಟು ಚಂದ ಮಾಡಿ ಇಟ್ಟದ್ದು" ಎನ್ನುತ್ತಾರೆ ಶೇಖರಣ್ಣ. ಹುಟ್ಟಾ ಸ್ಟೋರ್‌ಕೀಪರ್! ದುಃಖದಲ್ಲೂ ಸಾಲು ಕೆಡುವುದು ಸಹಿಸಲಾರರು. ಹಿರಿಯರ ಮಾತು ಮೀರುವುದು ಹೇಗೆಂದು ಕಲ್ಲಯ್ಯ ಚೀಟಿ ತಿದ್ದುತ್ತಾರೆ. ಗಂಟು ಕಟ್ಟುತ್ತಾರೆ. ಒತ್ತುತ್ತಾರೆ.

ಮತ್ತೆ ಅದೇ ಬೂದು ಚೌಕ. ಮುಖ್ಯ ಕ್ಲಾಸ್ ಸಿಗುತ್ತಿಲ್ಲ.

ಗಂಟೆ ಎಂಟು. ಹೊರಗೆ ಮೊದಲ ರಿಕ್ಷಾದಲ್ಲಿ ಬೀಗರು ಇಳಿಯುತ್ತಿದ್ದಾರೆ. ಕಲ್ಲಯ್ಯನ ಹಣೆಯಲ್ಲಿ ಬೆವರೊಡೆದಿದೆ. "ತಪ್ಪು ನಂದ್ರಿ" ಎಂದು ನೇರವಾಗಿ ಒಪ್ಪಿಕೊಳ್ಳುತ್ತಾರೆ. "ಆ ಯಜಮಾನ್ರ ಹೊಟ್ಟ್ಯಾಗೂ ಅವರ ಮನಿ ವಿಳಾಸ ಬರದಿರ್ತದ. ಚೀಟಿ ಬ್ಯಾರೆ ಹೇಳಿ, ಅವ್ರು ಬ್ಯಾರೆ ಹೇಳಿದ್ರ ಕಂಪ್ಯೂಟರ್ ಒಪ್ಪಂಗಿಲ್ಲ. ಚೀಟಿ ತಿದ್ದಿದ್ರ ಆಗೂದಿಲ್ಲ, ಅವರ ಮನೀನ ಮತ್ತ ಕಟ್ಟಬೇಕು."

ಚೀಟಿಯನ್ನು ಮೊದಲಿದ್ದಂತೆಯೇ ಮಾಡುತ್ತಾರೆ. ಆದರೆ ಮನೆ ಕಟ್ಟುವುದು ಹೇಗೆ? ಕಪಾಟಿನ ಬಾಗಿಲ ಒಳಗಡೆ ಕ್ಲಾರೆನ್ಸ್ ಅಂಟಿಸಿಹೋದ ಪಟ್ಟಿ ಇನ್ನೂ ಇದೆ. ಯಾವ ಫೋಲ್ಡರು ಎಲ್ಲಿ, ಯಾವ ಮಾತು ಯಾವುದರಲ್ಲೆಂದು. ಇಲ್ಲಿ ಶೇಖರಣ್ಣನ ಮೂವತ್ತೊಂದು ವರ್ಷದ ವಿದ್ಯೆ ಎದ್ದು ನಿಲ್ಲುತ್ತದೆ. ಕನ್ನಡಕ ಏರಿಸಿ ಅವರು ಓದುತ್ತಾರೆ, "ಅಡುಗೆ, ಒಂದರಿಂದ ನಲವತ್ತೆರಡು." ಕಲ್ಲಯ್ಯ ಮೂರು ಬೆರಳಲ್ಲಿ ಇಡುತ್ತಾರೆ. "ಆಸ್ಪತ್ರೆ, ನಲವತ್ತಮೂರರಿಂದ ಎಪ್ಪತ್ತು." ಇಡುತ್ತಾರೆ. ಸ್ಟೋರಿನಲ್ಲಿ ಮಾಲು ಇಳಿಸುವ ಹಾಗೆ ನಡೆಯುತ್ತದೆ ಕೆಲಸ, ಒಂದೂ ಹೆಚ್ಚುಕಡಿಮೆಯಾಗದೆ. 'ಬೈಗುಳ, ಇಪ್ಪತ್ತಮೂರು' ಎಂಬಲ್ಲಿ ಮಾತ್ರ ಶೇಖರಣ್ಣ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾರೆ.

ಒಂಬತ್ತೂ ಇಪ್ಪತ್ತಕ್ಕೆ ಕಲ್ಲಯ್ಯ ಗಂಟು ಕಟ್ಟಿ ಒತ್ತುತ್ತಾರೆ. ಬೂದು ಚೌಕವಿಲ್ಲ! ಪರದೆಯ ತುಂಬ ಹಸಿರು ಗುಂಡಿಗಳು ಅರಳಿಕೊಳ್ಳುತ್ತವೆ. ತೊಟ್ಟಿಲ ಬಳಿಯ ಹೆಂಗಸರು ಮಲ್ಲಿಗೆ ಬಿಟ್ಟು ಓಡಿಬರುತ್ತಾರೆ. ಆದರೆ ಕಲ್ಲಯ್ಯ ಸ್ಪೀಕರಿನ ತಂತಿ ಕಿತ್ತು, ಹೆಡ್‌ಫೋನು ಸಿಕ್ಕಿಸಿ, ಮೋಹಿನಿಯಕ್ಕನ ಕೈಗೆ ಕೊಡುತ್ತಾರೆ. ಇದೂ ಅವರ ಪದ್ಧತಿ. "ಬಾಗಲಾ ತೆಗಿಯೋದಷ್ಟ ನನ್ನ ಕೆಲಸ. ಒಳಗಿನ ಮಾತು ಅವರವು. ಕೇಳಾಕ ನಾ ಯಾರ್ರಿ? ಸರಿ ಆತೋ ಇಲ್ಲೋ ಅಂತ ಅವರ ಮುಖ ನೋಡಿದ್ರ ತಿಳೀತದ."

ಮೋಹಿನಿಯಕ್ಕ ಹೆಡ್‌ಫೋನು ಹಾಕಿಕೊಂಡು ಒಂದು ಗುಂಡಿ ಒತ್ತುತ್ತಾರೆ. ಕಣ್ಣು ತುಂಬುತ್ತದೆ. ಮರುಕ್ಷಣ ಅದೇ ಕಣ್ಣಲ್ಲಿ ತುಂಟತನ. ಹೆಡ್‌ಫೋನು ಕಿತ್ತು, ಸ್ಪೀಕರನ್ನು ತಾವೇ ಸಿಕ್ಕಿಸಿ, ಗಂಡನ ಮುಖ ನೋಡುತ್ತಾ ಇನ್ನೊಂದು ಒತ್ತುತ್ತಾರೆ.

"ಈರೆಗ್ ಏತ್ ಸರ್ತಿ ಪನೊಡು?" ನಿಮಗೆ ಎಷ್ಟು ಸಲ ಹೇಳಬೇಕು?

ಬೈಸಿಕೊಂಡ ಶೇಖರಣ್ಣ ಎಲ್ಲರೆದುರೇ ಮಗುವಿನ ಹಾಗೆ ಅಳುತ್ತಾರೆ. "ಬೈ ಮಾರಾಯ್ತಿ, ಇನ್ನೂ ಬೈ" ಎನ್ನುತ್ತಾರೆ.

ಆದರೆ ಮುಗಿದಿಲ್ಲ. ಕೊನೆಯ ಪುಟದಲ್ಲಿ ಎರಡು ಗುಂಡಿಗಳಿವೆ, ಒತ್ತಿದರೆ ಉಸಿರಿಲ್ಲ. ಮೋಹಿನಿಯಕ್ಕ ಮತ್ತೊಮ್ಮೆ ಒತ್ತಿ ನೋಡುತ್ತಾರೆ. ಸ್ಲೇಟು ತೆಗೆದುಕೊಂಡು ಬರೆಯುತ್ತಾರೆ: 'ಹೆಸರು ಇದರಲ್ಲೇ. ಗಂಡಿಗೊಂದು, ಹೆಣ್ಣಿಗೊಂದು. ಪಟ್ಟಿಗೆ ಹಾಕಬೇಡ ಅಂತ ಕ್ಲಾರೆನ್ಸ್‌ಗೆ ನಾನೇ ಹೇಳಿದ್ದು.' ಪಟ್ಟಿಯಲ್ಲಿ ನಾನೂರ ಹತ್ತು. ಇಟ್ಟದ್ದೂ ನಾನೂರ ಹತ್ತು. ಹಾಗಾದರೆ ಈ ಎರಡೆಲ್ಲಿ? ಕಸದ ಬುಟ್ಟಿ ಆವತ್ತೇ ಖಾಲಿಯಾಗಿದೆ.

"ಅಣ್ಣಾರ," ಕಲ್ಲಯ್ಯ ಮೆಲ್ಲಗೆ ಕೇಳುತ್ತಾರೆ, "ಸ್ಟೋರಿನ್ಯಾಗ ಪಟ್ಟಿಗಿಂತ ಎರಡು ನಟ್ಟು ಹೆಚ್ಚು ಬಂದ್ರ ಏನ್ ಮಾಡ್ತಿದ್ರಿ?"

ಶೇಖರಣ್ಣ ತಲೆಯೆತ್ತುತ್ತಾರೆ. "ಬಿಸಾಡ್ಲಿಕ್ಕೆ ಇಲ್ಲ! ಪಟ್ಟಿಯಲ್ಲಿ ಇಲ್ಲದ್ದನ್ನು ಬಿಸಾಡ್ಲಿಕ್ಕೇ ಇಲ್ಲ. 'ಹೆಚ್ಚುವರಿ' ಅಂತ ಬೇರೆ ಡಬ್ಬಿ..." ಮಾತು ಅರ್ಧಕ್ಕೇ ನಿಲ್ಲುತ್ತದೆ. "ಉಂಟು! ಹೆಚ್ಚುವರಿ ಅಂತ ಒಂದು ಫೋಲ್ಡರ್ ಮಾಡಿದ್ದೆ. ಉಂಟು ಮಾರಾಯ್ರೆ!"

ಇದೆ. ಎರಡೇ ಎರಡು ಕಡತ, ಕೇಳಿಯೂ ನೋಡದೆ ಇಟ್ಟದ್ದು. ಕೆಡಿಸಿದ ಅಭ್ಯಾಸವೇ ಉಳಿಸಿದೆ. ಅವುಗಳ ಮನೆ ಯಾವುದೆಂದು ಪಟ್ಟಿಯಲ್ಲಿಲ್ಲ. ಗಂಟೆ ಹತ್ತಾಗಲು ಇನ್ನು ಹತ್ತೇ ನಿಮಿಷ. ಕಲ್ಲಯ್ಯ ಮುಖ್ಯ ಕ್ಲಾಸಿನ ಕಡತವನ್ನೇ ನೋಟ್‌ಪ್ಯಾಡಿನಲ್ಲಿ ತೆರೆಯುತ್ತಾರೆ. ಪರದೆಯ ತುಂಬ ಚೌಕ, ಗೀಟು, ಯಾವ ಭಾಷೆಯೂ ಅಲ್ಲದ ಗೀಚು. ನೋಡಿದವರ ತಲೆ ತಿರುಗಬೇಕು. ಅಬ್ಬಾ, ಆ ಮನುಷ್ಯನ ತಾಳ್ಮೆಯೇ! ಮೂರು ಬೆರಳನ್ನು ಗಾಜಿನ ಮೇಲಿಟ್ಟು, ಬಂಡೆಯಲ್ಲಿ ಎಳೆ ಹುಡುಕುವ ಹಾಗೆ, ಸಾಲು ಸಾಲು ಇಳಿಯುತ್ತಾರೆ. ಒಂದು ಕಡೆ ಬೆರಳು ನಿಲ್ಲುತ್ತದೆ. ಗೀಚುಗಳ ನಡುವೆ ಇಂಗ್ಲಿಷ್ ಅಕ್ಷರದಲ್ಲಿ ಒಂದು ತುಳು ಮಾತು: ಪುದರ್. ಹೆಸರು ಎಂದರ್ಥ. ಆ ಹೆಸರಿನ ಫೋಲ್ಡರು ಮಾಡಿ, ಎರಡನ್ನೂ ಒಳಗಿಟ್ಟು, ಗಂಟು ಕಟ್ಟುತ್ತಾರೆ.

ಮತ್ತೆ ಹೆಡ್‌ಫೋನು. ಮತ್ತೆ ಮೋಹಿನಿಯಕ್ಕನ ಮುಖ. ಅವರು ಒತ್ತುತ್ತಾರೆ, ಕೇಳುತ್ತಾರೆ, ಕಣ್ಣು ಮುಚ್ಚುತ್ತಾರೆ. ಆಮೇಲೆ ಎರಡೂ ಕೈ ಎತ್ತಿ ಕಲ್ಲಯ್ಯನಿಗೆ ಮುಗಿಯುತ್ತಾರೆ. ಕಲ್ಲಯ್ಯ ಧಡಕ್ಕನೆ ಎದ್ದು, "ಬ್ಯಾಡ್ರಿ ಅಕ್ಕಾರ, ದೊಡ್ಡವ್ರು ನೀವು" ಎಂದು ಹಿಂದೆ ಸರಿಯುತ್ತಾರೆ. ಸ್ಪೀಕರನ್ನು ತೊಟ್ಟಿಲ ಬಳಿಗೆ ಎಳೆದು, ತಂತಿ ಸಿಕ್ಕಿಸಿ, ಬುತ್ತಿ ಡಬ್ಬಿ ಹಿಡಿದುಕೊಂಡು ಅಂಗಳದಾಚೆಯ ತೆಂಗಿನ ಬುಡಕ್ಕೆ ಹೋಗಿ ಕೂರುತ್ತಾರೆ. ಒಳಗೆ ಬನ್ನಿ ಎಂದರೆ ಪುಸ್ತಕ ಬರೆಯುವುದಿದೆ ಎನ್ನುತ್ತಾರೆ.

ಬರೆಯುತ್ತಾರೆ: 'ಊರು ಕಾಪು. ಕಾರಣ, ಒಳ್ಳೇದು ಮಾಡಿದ್ದು. ಮದ್ದು, ಇದ್ದಲ್ಲೇ ಇಟ್ಟದ್ದು. ನನ್ನ ತಪ್ಪು, ಮೊದಲು ಚೀಟಿ ತಿದ್ದಿದ್ದು.' ತಮ್ಮ ತಪ್ಪಿಗೂ ಅವರು ಒಂದು ಸಾಲು ಕೊಡುತ್ತಾರೆ.

ಹತ್ತೂವರೆ. ಒಳಗಿನ ಗದ್ದಲ ಒಮ್ಮೆಲೇ ಅಡಗುತ್ತದೆ. ತೊಟ್ಟಿಲ ಹತ್ತಿರ ಸಣ್ಣದಾಗಿ ಒಂದು ಸ್ವರ, ಮೂರು ಸಲ. ಅಂಗಳದವರೆಗೆ ಅದು ಬರುವುದಿಲ್ಲ. ಆಮೇಲೆ ಮನೆಯೇ ಎದ್ದು ಕೂಗಿದಂತೆ ಸಂಭ್ರಮ, ಅದರ ನಡುವೆ ಮೋಕ್ಷಾಳ ಅಳು, ಮಗುವಿನ ಅಳು. ಕಲ್ಲಯ್ಯ ರೊಟ್ಟಿ ಮುರಿಯುವುದನ್ನು ಬಿಟ್ಟು ಬಾಗಿಲನ್ನೇ ನೋಡುತ್ತಾರೆ. ಮೂರು ಬೆರಳಿನಿಂದ ಕಣ್ಣು ಒರೆಸಿಕೊಳ್ಳುತ್ತಾರೆ.

ಶೇಖರಣ್ಣ ಪಾಯಸದ ಲೋಟ ಹಿಡಿದು ಓಡೋಡಿ ಬರುತ್ತಾರೆ. "ಕಲ್ಲಯ್ಯನವರೇ, ಹೆಸರು ಎಂತ ಗೊತ್ತುಂಟಾ? ಮೂರು ವರ್ಷ ನನಗೂ ಹೇಳ್ಲಿಲ್ಲ ಇವಳು! ಕೇಳಿ..."

"ಹೇಳಬ್ಯಾಡ್ರಿ ಅಣ್ಣಾರ" ಎಂದು ಕಲ್ಲಯ್ಯ ಕೈ ಅಡ್ಡ ಹಿಡಿಯುತ್ತಾರೆ. ಅಲೆವೂರಿನ ಸೊಸೈಟಿಯವರು ಕಾಯುತ್ತಿದ್ದಾರೆ. ಅಲ್ಲೂ ಯಾರೋ ಹಬ್ಬಕ್ಕೆ ಏನೋ ಒಳ್ಳೇದು ಮಾಡಿದ್ದಾರೆ. ಪಾಯಸ ಕುಡಿದು, ಲೋಟ ತೊಳೆದು ಕೊಟ್ಟು, ಡಬ್ಬಿ ಎತ್ತಿಕೊಳ್ಳುತ್ತಾರೆ.

"ನನಗೊಂದು ಆಸೆ ಐತ್ರಿ. ಕೂಸು ದೊಡ್ಡದಾಗಲಿ, ಮಾತು ಬರಲಿ. ಮೂರು ವರ್ಷ ಬಿಟ್ಟು ಬರ್ತೀನಿ. 'ನಿನ್ನ ಹೆಸರೇನವಾ?' ಅಂತ ಕೇಳ್ತೀನಿ. ಆಕೀನ ಹೇಳ್ಲಿ."